ಮೂರನೆಯ ಕಿವಿ

ಮಾರ್ಚ್ 3, ಸೋಮವಾರ

ಈ ಪುಸ್ತಕ ನನ್ನದಲ್ಲ, ಇವರದು. ಮಾತು ಕಲಿಸುವ ಡಾಕ್ಟರಮ್ಮ ಕೊಟ್ಟಿದ್ದು. ದಿನವೂ ಇವರ ಬಾಯಿಂದ ಯಾವ ಯಾವ ಮಾತು ಬಂತೋ ಅದನ್ನು ಇದರಲ್ಲಿ ಬರೆದಿಡಬೇಕಂತೆ. ಪಾರ್ಶ್ವವಾಯು ಬಡಿದು ಐದು ತಿಂಗಳಾಯಿತು. ಬಲಗೈ, ಬಲಗಾಲು, ಮಾತು, ಮೂರೂ ಒಂದೇ ಬೆಳಗ್ಗೆ ಹೋದವು. ಕಾಲು ಅರ್ಧ ವಾಪಸು ಬಂದಿದೆ. ಮೊದಲ ಹದಿನೆಂಟು ಪುಟಗಳಲ್ಲಿ ನಾನು ಬರೆದಿರುವುದು ತಾರೀಖು, ಅದರ ಮುಂದೆ "ಇಲ್ಲ" ಎಂಬ ಒಂದೇ ಶಬ್ದ. ಶಾಲೆಯ ಲೈಬ್ರರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳಿಗೆ ಇಷ್ಟೊಂದು ಖಾಲಿ ಕಾಗದ ನೋಡಿ ಸುಮ್ಮನಿರಲು ಆಗುವುದಿಲ್ಲ. ಹೇಗೂ ಜಾಗ ಇದೆ, ನನ್ನದೂ ಒಂದಿಷ್ಟು ಬಿದ್ದಿರಲಿ. ಇವರು ಓದಿಬಿಟ್ಟಾರು ಎಂಬ ಭಯವೂ ಇಲ್ಲ. ಮಾತಿನ ಜೊತೆಗೆ ಅಕ್ಷರವೂ ಹೋಗಿದೆ.

ಇವತ್ತಿನಿಂದ ನನಗೆ ಕೆಳಗೆ ಅಂಗಡಿಯಲ್ಲಿ ಕೆಲಸ. ವಾಷಿಂಗ್ ಮಷೀನ್ ರಿಪೇರಿಯ ಅಂಗಡಿ ನಮ್ಮದು. ಕೆಳಗೆ ಅಂಗಡಿ, ಮೇಲೆ ಮನೆ. ಇವರು ಮಲಗಿದ ಮೇಲೆ ಮೈದುನ ನೋಡಿಕೊಳ್ಳುತ್ತಿದ್ದಾನೆ. ಹೋದ ತಿಂಗಳು ಹಳೇ ಲೈನು ತೆಗೆಸಿ ಇಂಟರ್ನೆಟ್ ಫೋನು ಹಾಕಿಸಿದ್ದಾನೆ. ಒಂದೇ ನಂಬರ್, ಆದರೆ ಒಂದೇ ಹೊತ್ತಿಗೆ ಎಷ್ಟು ಜನ ಬೇಕಾದರೂ ಮಾಡಬಹುದು. ಮಾಡಬಹುದು ಸರಿ, ಎತ್ತುವವರು ಯಾರು?

"ಟ್ಯಾಂಕ್ ತುಂಬಿದ್ಮೇಲೆ ಓವರ್‌ಫ್ಲೋ ಪೈಪಲ್ಲಿ ನೀರು ಬರುತ್ತಲ್ಲ ಅತ್ತಿಗೆ, ಅಷ್ಟೇ. ಮೊದಲ್ನೇ ಕಿವಿ ನಾನು. ನಾನು ಇನ್ನೊಬ್ಬರ ಹತ್ರ ಮಾತಾಡ್ತಾ ಇದ್ರೆ ಎರಡ್ನೇ ಕಿವಿ ನೀವು. ಹೆಸರು, ನಂಬರು, ಏನು ತೊಂದ್ರೆ ಅಂತ ಬರ್ಕೊಂಡ್ರೆ ಸಾಕು," ಅಂದ.

ಹಿಂದಿನ ಕೋಣೆಯಲ್ಲಿ, ಹಳೇ ಡ್ರಮ್ಮುಗಳ ನಡುವೆ ನನಗೊಂದು ಮೇಜು, ಒಂದು ಫೋನು. "ಮಾತು ಬೆಳ್ಳಿ, ಮೌನ ಬಂಗಾರ" ಅನ್ನುವ ಬೋರ್ಡಿನ ಕೆಳಗೆ ಕೂತು ಮಕ್ಕಳ ಬಾಯಿ ಮುಚ್ಚಿಸುತ್ತಿದ್ದವಳು ಈಗ ಊರವರ ಹತ್ತಿರ ಮಾತಾಡಬೇಕು. ಊರೆಲ್ಲರ ಹತ್ತಿರ ಮಾತಾಡುತ್ತಿದ್ದ ಇವರು ಮೇಲೆ ಮೂಕರಾಗಿ ಕೂತಿದ್ದಾರೆ. ನಮ್ಮಿಬ್ಬರ ಕೆಲಸ ಅದಲು ಬದಲಾಗಿದೆ.

ಇವತ್ತಿನ ಮಾತು: ಇಲ್ಲ.

ಮಾರ್ಚ್ 6, ಗುರುವಾರ

ಇಪ್ಪತ್ತಮೂರು ಕರೆ. ಓವರ್‌ಫ್ಲೋ ಪೈಪಂತೆ! ಟ್ಯಾಂಕೇ ಒಡೆದಿದೆ.

ಅರ್ಧ ಜನ ನನ್ನ ದನಿ ಕೇಳಿದ ಕೂಡಲೇ "ಯಜಮಾನ್ರಿಗೆ ಕೊಡಿ" ಅನ್ನುತ್ತಾರೆ. ಹುಷಾರಿಲ್ಲ ಅಂದರೆ "ಹಾಗಾದ್ರೆ ನೀವೇ ಕೇಳಿ" ಅಂತ ಫೋನನ್ನು ತಿರುಗುವ ಮಷೀನಿಗೆ ಹಿಡಿಯುತ್ತಾರೆ. ಅದು ಇವರು ಕಲಿಸಿಟ್ಟ ಅಭ್ಯಾಸ. "ನೀವು ಏನೂ ಹೇಳಬೇಡಿ, ಮಷೀನೇ ಹೇಳಲಿ" ಅಂತ ಫೋನಿನಲ್ಲೇ ಅರ್ಧ ನಿಮಿಷ ಕೇಳಿ, ಹೋಗಿದ್ದು ಬೇರಿಂಗೋ ಬೆಲ್ಟೋ ಪಂಪೋ ಹೇಳಿಬಿಡುತ್ತಿದ್ದರು. ಮೆಕ್ಯಾನಿಕ್ಕು ಬೇಕಾದ ಸಾಮಾನು ಹಿಡಿದೇ ಹೋಗುತ್ತಿದ್ದ. ಒಂದೇ ಸಲಕ್ಕೆ ಕೆಲಸ ಮುಗಿಯುತ್ತಿತ್ತು. ಅಂಗಡಿ ನಿಂತಿದ್ದೇ ಆ ಕಿವಿಯ ಮೇಲೆ.

ನನಗೆ ಕೇಳಿಸುವುದು ಗಡಗಡ ಮಾತ್ರ. ಎಲ್ಲ ಮಷೀನೂ ಒಂದೇ ಗಡಗಡ. "ಗಡಗಡ ಶಬ್ದ" ಅಂತ ಬರೆದುಕೊಳ್ಳುತ್ತೇನೆ. ಸಂಜೆ ಚೀಟಿಗಳನ್ನು ನೋಡಿ ಮೆಕ್ಯಾನಿಕ್ಕು, "ಅಮ್ಮಾ, ಇಪ್ಪತ್ತು ಗಡಗಡ ಬರ್ದಿದೀರಿ. ನಾನು ಇಡೀ ಅಂಗಡೀನೇ ಹೊತ್ಕೊಂಡು ಹೋಗ್ಲಾ?" ಅಂದ. ಇವರ ಕೈಕೆಳಗೇ ಕೆಲಸ ಕಲಿತು ಇಲ್ಲೇ ತಲೆ ನರೆತವನು. ಜೇಬಿನಲ್ಲಿ ಸದಾ ಒಂದು ಇಕ್ಕಳ ಇರುತ್ತದೆ, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಇಕ್ಕಳ.

ಇವತ್ತಿನ ಮಾತು: ಇಲ್ಲ.

ಮಾರ್ಚ್ 8, ಶನಿವಾರ

ಇವರ ಕುರ್ಚಿ ಇರುವುದು ಸರಿಯಾಗಿ ನನ್ನ ಮೇಜಿನ ಮೇಲಿನ ಕೋಣೆಯಲ್ಲಿ. ಏನಾದರೂ ಬೇಕಾದರೆ ಊರುಗೋಲಿನಿಂದ ನೆಲ ಬಡಿಯುತ್ತಾರೆ. ಅದು ನಾವು ಮಾಡಿಕೊಂಡ ಏರ್ಪಾಡು. ಒಂದು ವಾರದಿಂದ ಈ ಬಡಿತ ಅತಿಯಾಗಿದೆ. ನಾನು ಫೋನಿನಲ್ಲಿ ಗಂಟಲು ಹರಿದುಕೊಳ್ಳುವಾಗಲೇ ಮೇಲಿಂದ ಢಬ್ ಢಬ್. ಕರೆ ಮುಗಿಸಿ ಮೊಣಕಾಲು ಹಿಡಿದುಕೊಂಡು ಹದಿನಾರು ಮೆಟ್ಟಿಲು ಹತ್ತಿ ಹೋಗಿ, ರಟ್ಟೆ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದರೆ ಬಾಗಿಲಲ್ಲೇ ಹಠ ಮಾಡಿ ನಿಲ್ಲುತ್ತಾರೆ. ಒಳಗೆ ಹೋಗುವುದಿಲ್ಲ. ಮುಖ ಕೆಂಪಾಗುತ್ತದೆ, ಎಡಗೈಯಿಂದ ನನ್ನ ಕೈ ಕೊಡವಿ ಹಾಕುತ್ತಾರೆ.

"ಬೇಡದಿದ್ರೆ ಯಾಕ್ರೀ ಕರೀತೀರಿ? ನಾನೇನು ಆಟದ ಬುಗುರಿನಾ?" ಅಂದೆ. ಅಂದ ಮೇಲೆ ಅಳು ಬಂತು. ಕೆಳಗೆ ಫೋನು ಹೊಡೆದುಕೊಳ್ಳುತ್ತಿತ್ತು, ಅಳಲಿಕ್ಕೂ ಪುರುಸೊತ್ತಿಲ್ಲದೆ ಇಳಿದು ಬಂದೆ.

ಇನ್ನೊಂದು ಹೊಸ ಹುಚ್ಚು ಹಿಡಿದಿದೆ ಇವರಿಗೆ. ಲೈಬ್ರರಿಗೆ ಕಂಪ್ಯೂಟರ್ ಬಂದಾಗ ಹಳೇ ಕಾರ್ಡುಗಳನ್ನು ಎಸೆಯಲು ಮನಸ್ಸಾಗದೆ ನಾನು ಒಂದು ಪೆಟ್ಟಿಗೆ ತುಂಬಾ ಮನೆಗೆ ತಂದಿದ್ದೆ. ಸಾಮಾನಿನ ಪಟ್ಟಿ ಬರೆಯಲು ಆಗುತ್ತದೆ. ಅವುಗಳ ಹಿಂದೆ ಇವರು ಎಡಗೈಯಲ್ಲಿ ಸುತ್ತು ಸುತ್ತು ಗೀಚುತ್ತಾರೆ. ಅಂಗನವಾಡಿ ಮಗುವಿನ ಹಾಗೆ ಸೊಟ್ಟ ಉಂಗುರಗಳು, ಪಕ್ಕದಲ್ಲಿ ನಾಲ್ಕು ಅಂಕಿ. ಕಾರ್ಡಿನ ಮೇಲೆ ಅಂಕಿ ಕಂಡರೆ ನನಗೆ ಅದು ಯಾವ ಕಪಾಟಿನದು ಅಂತ ಹುಡುಕುವ ಚಟ. ಇವು ಯಾವ ಕಪಾಟಿಗೂ ಸೇರಲಿಲ್ಲ. ಗುಡಿಸಿ ಬುಟ್ಟಿಗೆ ಹಾಕಿದೆ. ಒಂದೆರಡನ್ನು ಅಲುಗಾಡುವ ಮೇಜಿನ ಕಾಲಿಗೆ ಇಟ್ಟೆ.

ಇಲ್ಲ.

ಮಾರ್ಚ್ 11, ಮಂಗಳವಾರ

ಹೊಸ ತಕರಾರು. "ನಿಮ್ಮ ಅಂಗಡೀಲಿ ಯಾರೋ ಫೋನ್ ಎತ್ತಿ ಸುಮ್ನೆ ಇರ್ತಾರೆ," ಅಂತ ಒಬ್ಬ ದರ್ಜಿ ಬೈದ. "ಉಸಿರಾಡೋದು ಕೇಳಿಸುತ್ತೆ. ಮಾತಿಲ್ಲ. ನನ್ನ ಹೊತ್ತು ಹಾಳು ಮಾಡೋಕೆ ನಿಮಗೆ ಸಂಬಳ ಕೊಡ್ತಾರಾ?" ನನಗೆ ಯಾರೂ ಸಂಬಳ ಕೊಡುವುದಿಲ್ಲ ಅಂದೆ. ಅವನಿಗೆ ನಗು ಬರಲಿಲ್ಲ, ಬೇರೆ ಅಂಗಡಿ ನೋಡಿಕೊಳ್ಳುತ್ತೇನೆ ಅಂದ. ನೋಡಿಕೊಂಡ.

ಮೈದುನನನ್ನು ಕೇಳಿದರೆ "ನಾನು ಎತ್ತಿದ್ರೆ ಮಾತಾಡ್ದೆ ಇರ್ತೀನಾ ಅತ್ತಿಗೆ? ನನ್ನ ಬಾಯಿ ನಿಮಗೆ ಗೊತ್ತಿಲ್ವಾ?" ಅಂದ. ಅದು ನಿಜ. ಆ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

ಇವತ್ತಿನ ಮಾತು: ಇಲ್ಲ.

ಮಾರ್ಚ್ 14, ಶುಕ್ರವಾರ

ಇನ್ನೂ ಮೂವರು ಅದನ್ನೇ ಹೇಳಿದರು. ಎತ್ತುತ್ತಾರೆ, ಮಾತಾಡುವುದಿಲ್ಲ. ಒಬ್ಬಾಕೆ "ದೆವ್ವ ಗಿವ್ವ ಇದ್ಯಾ ನಿಮ್ಮಲ್ಲಿ?" ಅಂತ ಕೇಳಿದಳು. ಇದ್ದರೆ ಒಳ್ಳೆಯದಿತ್ತು, ಅದನ್ನೂ ಒಂದು ಮೇಜಿಗೆ ಕೂರಿಸುತ್ತಿದ್ದೆ.

ಮಧ್ಯಾಹ್ನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಲೋಟದ ಚಿತ್ರ ತೋರಿಸಿ ಇದೇನು ಅಂದರು. ಇವರು ಲೋಟವನ್ನೇ ನೋಡುತ್ತಾ ತುಟಿ ಒದ್ದೆ ಮಾಡಿಕೊಂಡರು. ತುಟಿ ಅಲುಗಾಡಿತು. ಹಣೆ ಬೆವರಿತು. ನಾನು ಸೀರೆಯ ಸೆರಗು ಹಿಡಿದುಕೊಂಡು ಒಳಗೊಳಗೇ ಲೋಟ ಲೋಟ ಅನ್ನುತ್ತಿದ್ದೆ. ಏನೂ ಬರಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ಇವರು ಆ ಕಡೆ, ನಾನು ಈ ಕಡೆ ನೋಡುತ್ತಾ ಬಂದೆವು.

ಇಲ್ಲ.

ಮಾರ್ಚ್ 17, ಸೋಮವಾರ

ಫೋನು ಹಾಕಿದವನಿಗೇ ಫೋನು ಮಾಡಿದೆ. ಅವನು ತನ್ನ ಕಂಪ್ಯೂಟರಿನಲ್ಲಿ ನೋಡಿ, "ಮೇಡಂ, ನೀವೂ ಬಿಜಿ ಇದ್ರೆ, ಇಲ್ಲಾ ಇಪ್ಪತ್ತು ಸೆಕೆಂಡಲ್ಲಿ ಎತ್ತದಿದ್ರೆ, ಕಾಲು ಮೂರನೇ ಜಾಗಕ್ಕೆ ಹೋಗುತ್ತೆ. ಅಲ್ಲಿ ಯಾರೋ ಎತ್ತುತಿದಾರೆ. ಒಂದು ನಿಮಿಷ, ಎರಡು ನಿಮಿಷ ಹಿಡ್ಕೊಂಡೇ ಇರ್ತಾರೆ," ಅಂದ.

ಮೂರನೆಯ ಜಾಗ ಒಂದಿದೆ ಅಂತಲೇ ನನಗೆ ಗೊತ್ತಿರಲಿಲ್ಲ. ಮೈದುನ ತಲೆ ಕೆರೆದುಕೊಂಡು, "ಅದು ಇಕ್ಕಳಂದೇ ಇರ್ಬೇಕು. ವ್ಯಾನಲ್ಲಿ ಇರ್ತಾನಲ್ಲ, ಗ್ರೀಸ್ ಕೈಯಲ್ಲಿ ಎತ್ತಿ ಹಾಗೇ ಇಟ್ಬಿಡ್ತಾನೆ," ಅಂದ.

"ಯಾರದ್ದೇ ಆಗಿರ್ಲಿ, ತೆಗೆದುಹಾಕಪ್ಪ," ಅಂದೆ ಫೋನಿನವನಿಗೆ. ಆ ಜಾಗದಲ್ಲಿ ಇನ್ನು ಮೇಲೆ ಸಂದೇಶ ಬಿಡಿ ಅಂತ ಒಂದು ದನಿ ಹೇಳುತ್ತದಂತೆ. ಎರಡು ನಿಮಿಷದ ಕೆಲಸ.

ಸಂಜೆ ಇಕ್ಕಳನಿಗೆ ಚೆನ್ನಾಗಿ ಬೈದೆ. ನೀನು ಮಾಡಿದ ಅವಾಂತರಕ್ಕೆ ನಾಲ್ಕು ಗಿರಾಕಿ ಹೋದರು, ಉಂಡ ಮನೆಗೆ ಎರಡು ಬಗೆಯಬಾರದು ಅಂತ. ದೊಡ್ಡ ಮಾತು, ಗೊತ್ತು. ಅವನು ಇಕ್ಕಳವನ್ನು ಜೇಬಿನಿಂದ ತೆಗೆದು, ಒರೆಸಿ, ಮತ್ತೆ ಜೇಬಿಗಿಟ್ಟುಕೊಂಡು "ನನಗೆ ಅಂಗಡಿ ಫೋನೇ ಬರಲ್ಲಮ್ಮ" ಅಂತಷ್ಟೇ ಹೇಳಿ ಹೋದ. ಎಲ್ಲರೂ ಹೇಳುವುದೇ ಅದು.

ಇವತ್ತಿನ ಮಾತು: ಇಲ್ಲ.

ಮಾರ್ಚ್ 18, ಮಂಗಳವಾರ

ಇವರು ತಮ್ಮ ಮೊಬೈಲನ್ನು ಗೋಡೆಗೆ ಎಸೆದರು. ಇಡೀ ದಿನ ಅದನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಕೂತಿದ್ದರು. ಒತ್ತುವುದು, ಅಲುಗಾಡಿಸುವುದು, ಕಿವಿಗೆ ಹಿಡಿಯುವುದು. ನಾಲ್ಕು ಗಂಟೆಗೆ ಗಂಜಿ ಕೊಡಲು ಹೋದಾಗ ನನಗೆ ಅದನ್ನು ಚಾಚಿ ಏನೋ ಕೇಳುವವರ ಹಾಗೆ ಮುಖ ಮಾಡಿದರು. ಚಾರ್ಜ್ ಇತ್ತು, ಸರಿಯಾಗೇ ಇತ್ತು. "ಎಲ್ಲ ಸರಿ ಇದೆಯಲ್ರೀ," ಅಂದೆ. ಎಸೆದುಬಿಟ್ಟರು.

ಆಸ್ಪತ್ರೆಯಿಂದ ಬಂದಾಗಿನಿಂದ ಅದು ಇವರ ಎಡಗೈ ಪಕ್ಕದಲ್ಲೇ ಇರುತ್ತದೆ. ಸದ್ದಿಗೆ ಬೆಚ್ಚಿ ಬೀಳುತ್ತಿದ್ದರು ಅಂತ ನಾನೇ ರಿಂಗ್ ಬಂದ್ ಮಾಡಿ ಬರೀ ನಡುಗುವ ಹಾಗೆ ಇಟ್ಟಿದ್ದೆ. ಮಾತಾಡಲು ಬಾರದವರಿಗೆ ಯಾರು ತಾನೇ ಮಾಡುತ್ತಾರೆ? ಸಮಾಧಾನಕ್ಕೆ ಇರಲಿ ಅಂತ ಬಿಟ್ಟಿದ್ದೆ. ಈಗ ಗಾಜು ಸೀಳಿದೆ. ಕೈಗೆ ಚುಚ್ಚೀತು ಅಂತ ಡ್ರಾಯರಿನಲ್ಲಿ ಇಟ್ಟೆ.

ಕಾಯಿಲೆ ಜಾಸ್ತಿಯಾಗುತ್ತಿದೆಯೋ ಏನೋ.

ಮಾರ್ಚ್ 20, ಗುರುವಾರ

ಎರಡು ದಿನದಿಂದ ಕೋಲು ಬಡಿಯಲಿಲ್ಲ. ಒಂದು ಸಲವೂ ಇಲ್ಲ. ನಾನೇ ಎರಡು ಗಂಟೆಗೊಮ್ಮೆ ಹೋಗಿ ಬರುತ್ತೇನೆ, ತಕರಾರಿಲ್ಲದೆ ಬಚ್ಚಲಿಗೂ ಬರುತ್ತಾರೆ. ಗೀಚುವುದೂ ನಿಂತಿದೆ, ಕೋಣೆ ಚೊಕ್ಕಟವಾಗಿದೆ. ಫೋನಿನ ತಕರಾರೂ ನಿಂತಿದೆ. ಎಷ್ಟೋ ದಿನದ ಮೇಲೆ ಒಂದು ಕಪ್ ಕಾಫಿಯನ್ನು ಬಿಸಿ ಇರುವಾಗಲೇ ಕುಡಿದೆ.

ಇವತ್ತಿನ ಮಾತು: ಇಲ್ಲ.

ಮಾರ್ಚ್ 22, ಶನಿವಾರ

ಊಟ ಬೇಡವಂತೆ. ಗೋಡೆಗೆ ಮುಖ ಮಾಡಿ ಮಲಗಿದ್ದಾರೆ. ಕುರ್ಚಿಗೆ ಬನ್ನಿ ಅಂದರೆ ಮೈಯನ್ನು ಕಲ್ಲು ಮಾಡಿಕೊಳ್ಳುತ್ತಾರೆ. ನಾಲ್ಕು ಚಮಚ ಗಂಜಿ.

ಮಾರ್ಚ್ 24, ಸೋಮವಾರ

ಡಾಕ್ಟರಮ್ಮ ಮನೆಗೇ ಬಂದರು. ಹೋದ ಸಲ ತುಟಿಯಾದರೂ ಅಲುಗಾಡಿತ್ತು, ಈ ಸಲ ಕಣ್ಣನ್ನೇ ತೆರೆಯಲಿಲ್ಲ. ಮೆಟ್ಟಿಲ ಹತ್ತಿರ ನನ್ನನ್ನು ಕರೆದು, "ಆರು ತಿಂಗಳಾಗ್ತಾ ಬಂತು. ಮಾತು ಬರೋದಿದ್ರೆ ಇಷ್ಟರಲ್ಲಿ ಸ್ವಲ್ಪ ಸುಳಿವು ಕೊಡ್ಬೇಕಿತ್ತು. ನೀವು ಮನಸ್ಸು ಗಟ್ಟಿ ಮಾಡ್ಕೊಳ್ಳಿ," ಅಂದರು. "ಅದಕ್ಕಿಂತ ಹೆಚ್ಚಾಗಿ, ಅವರಿಗೆ ಈಗ ಬೇಕು ಅನ್ನೋದೇ ಹೋಗಿದೆ. ಏನಾದ್ರೂ ಆಯ್ತಾ ಮನೇಲಿ?"

ಏನೂ ಆಗಿಲ್ಲ ಅಂದೆ. ಆಗಿದ್ದರೆ ತಾನೇ?

ಇಲ್ಲ. ಇಲ್ಲ. ಇಲ್ಲ. ಈ ಪುಸ್ತಕ ಪೂರ್ತಿ ತುಂಬಿಸಿ ಕೊಡುತ್ತೇನೆ ಆಕೆಗೆ.

ಮಾರ್ಚ್ 27, ಗುರುವಾರ

ಇದನ್ನು ಯಾರಿಗೂ ಹೇಳಿಲ್ಲ. ಬರೆದರೆ ಹಗುರಾದೀತೇ ನೋಡೋಣ.

ಅದು ಆಗುವ ಹಿಂದಿನ ದಿನ ನನಗೆ ತಲೆನೋವು. ಇವರು ಊಟಕ್ಕೆ ಕೂತು ಯಾವುದೋ ಮಷೀನಿನ ಕಥೆ ಹೇಳುತ್ತಿದ್ದರು. ಒಬ್ಬರ ಮನೆಯ ಡ್ರಮ್ಮಿನಲ್ಲಿ ಹಲ್ಲಿನ ಸೆಟ್ಟು ಸಿಕ್ಕಿತಂತೆ, ಅದು ಹೇಗೆ ಕಟಕಟ ಅನ್ನುತ್ತಿತ್ತು ಅಂತ ನಟನೆ ಮಾಡಿ ತೋರಿಸುತ್ತಿದ್ದರು. ನಾನು ಹೇಳಿದೆ: "ಒಂದು ದಿನವಾದ್ರೂ ಬಾಯಿ ಮುಚ್ಕೊಂಡಿರ್ತೀರಾ?" ಇವರು ನಕ್ಕು ಸುಮ್ಮನಾದರು. ಬೆಳಗ್ಗೆ ಎದ್ದಾಗ ಮಾತು ಇರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇದನ್ನೂ ಲೈಬ್ರರಿಯ ಗೋಡೆಗೆ ನಾನೇ ಬರೆಸಿದ್ದೆ. ಕಟಕಟದ ಕಥೆ ಎಲ್ಲಿಗೆ ಹೋಗಿ ಮುಗಿಯಿತೋ ನನಗೆ ಗೊತ್ತಿಲ್ಲ. ಇನ್ನು ಗೊತ್ತಾಗುವುದೂ ಇಲ್ಲ.

ಹಗುರಾಗಲಿಲ್ಲ.

ಮಾರ್ಚ್ 29, ಶನಿವಾರ

ಮೂರು ಚಮಚ.

ಮಾರ್ಚ್ 31, ಸೋಮವಾರ

ಇದನ್ನು ಇವತ್ತೇ ಬರೆಯಬೇಕು.

ಬೆಳಗ್ಗೆ ಹನ್ನೊಂದಕ್ಕೆ ಹಾಸ್ಟೆಲಿನ ವಾರ್ಡನ್ನಮ್ಮ ಫೋನು ಮಾಡಿದರು. ಹಳೇ ಗಿರಾಕಿ, ಮೂರು ದೊಡ್ಡ ಮಷೀನು ಇವೆ ಅವರಲ್ಲಿ.

"ನಿಮ್ಮ ಯಜಮಾನ್ರು ಎಲ್ಲಿ? ಈಗ ಮಾಡಿದ್ರೆ ಯಾವುದೋ ದನಿ ಸಂದೇಶ ಬಿಡಿ ಅನ್ನುತ್ತೆ. ಮೊದ್ಲು ಅವರೇ ಎತ್ತುತಿದ್ರಲ್ಲ," ಅಂದರು.

"ಅವರಿಗೆ ಮಾತು ಹೋಗಿ ಆರು ತಿಂಗಳಾಯ್ತಮ್ಮ," ಅಂದೆ.

"ಮಾತು ಹೋಗಿದೆ ಅಂತ ಗೊತ್ತಾಯ್ತು. ಮಾತು ಯಾರು ಕೇಳಿದ್ರು? ಈ ತಿಂಗಳ ಮೊದಲ್ನೇ ವಾರ ನಾನು ಎಂದಿನ ಹಾಗೆ ಮಷೀನಿಗೆ ಫೋನ್ ಹಿಡಿದೆ. ಅವರು ಪೂರ್ತಿ ಕೇಳಿ, ಉಗುರಲ್ಲಿ ಟಕ್ ಟಕ್ ಅಂತ ಎರಡು ಸಲ ಕುಟ್ಟಿದ್ರು. ಕೇಳಿಸ್ತು ಅಂತ. ನನಗೆ ಅಷ್ಟು ಸಾಕು. ಆದ್ರೆ ಆಮೇಲೆ ಯಾರೂ ಬರ್ಲೇ ಇಲ್ಲ. ಮೂರು ಸಲ ಮಾಡಿದೆ, ಮೂರು ಸಲ ಕುಟ್ಟಿದ್ರು, ಯಾರೂ ಬರ್ಲಿಲ್ಲ. ಅವರು ಹೇಳಿದ್ದನ್ನ ನೀವ್ಯಾರೂ ಕೇಳೋದಿಲ್ವಾ?"

ಆಕೆ ಬೈಯಲಿಲ್ಲ, ಸುಮ್ಮನೆ ಕೇಳಿದರು. ನಾನು ರಿಸೀವರನ್ನು ಮೇಜಿನ ಮೇಲಿಟ್ಟು ಮುಂದಿನ ಕೋಣೆಗೆ ಹೋಗಿ ಮೈದುನನನ್ನು ಕೇಳಿದೆ: "ಆ ಮೂರನೇ ಜಾಗಕ್ಕೆ ಯಾರ ನಂಬರ್ ಕೊಟ್ಟಿದ್ದೆ?"

"ಇಕ್ಕಳಂದು," ಅಂದ. ಆಮೇಲೆ ನಿಧಾನಕ್ಕೆ ಅವನ ಮುಖ ಇಳಿಯಿತು. ಫೋನು ಹಾಕಿಸುವಾಗ ತುಂಬಿದ್ದ ಫಾರ್ಮು ಹುಡುಕಿ ತೆಗೆದ. ಅವನ ಕೈಬರಹದಲ್ಲೇ ಇವರ ಮೊಬೈಲ್ ನಂಬರ್ ಇತ್ತು. "ಅಂಗಡಿ ನಂಬರ್ ಅಂದ್ರೆ ಇಪ್ಪತ್ತು ವರ್ಷದಿಂದ ಅಣ್ಣಂದೇ ಬರ್ದು ಅಭ್ಯಾಸ ಅತ್ತಿಗೆ. ಕೈ ತಾನಾಗೇ ಬರ್ದುಬಿಟ್ಟಿದೆ," ಅಂದು ಫಾರ್ಮಿನ ಮೇಲೆ ತಲೆ ಇಟ್ಟುಕೊಂಡ.

ನಾವಿಬ್ಬರೂ ಫೋನಿನಲ್ಲಿ ಸಿಕ್ಕಿಬಿದ್ದಾಗ ಇವರ ತೊಡೆಯ ಮೇಲೆ ಆ ಮೊಬೈಲು ನಡುಗುತ್ತಿತ್ತು. ಇವರು ಎತ್ತಿ ಕೇಳುತ್ತಿದ್ದರು. ಕೇಳಿ, ಗೊತ್ತಾದದ್ದನ್ನು ಕಾರ್ಡಿನ ಮೇಲೆ ಬರೆದು, ಕೋಲು ಬಡಿದು ನನ್ನನ್ನು ಕರೆಯುತ್ತಿದ್ದರು. ನಾನು ಮೇಲೆ ಹೋಗಿ ಕಾರ್ಡು ಹಿಡಿದ ಕೈಯನ್ನೇ ಹಿಡಿದು ಬಚ್ಚಲಿಗೆ ಎಳೆಯುತ್ತಿದ್ದೆ.

ಬುಟ್ಟಿ ಎಂದೋ ಖಾಲಿಯಾಗಿದೆ. ಮಂಚದ ಕೆಳಗೆ, ಮೇಜಿನ ಕಾಲಿನ ಕೆಳಗೆ, ಸಾಮಾನಿನ ಪಟ್ಟಿಯ ನಡುವೆ ಹುಡುಕಿ ಹನ್ನೊಂದು ಕಾರ್ಡು ಸಿಕ್ಕವು. ನಾಲ್ಕು ಅಂಕಿಗಳು ಮೊಬೈಲಿನಲ್ಲಿ ನೋಡಿ ಬರೆದದ್ದು, ಕರೆ ಮಾಡಿದವರ ನಂಬರಿನ ಕೊನೆಯ ನಾಲ್ಕು. ಇಡೀ ನಂಬರ್ ಬರೆಯಲು ಆ ಕೈಗೆ ಆಗುತ್ತಿರಲಿಲ್ಲ ಅಂತ ಕಾಣುತ್ತದೆ. ಒಂದರಲ್ಲಿ ದರ್ಜಿಯ ನಂಬರ್.

ಹನ್ನೊಂದು ಸಿಕ್ಕವು. ಎಷ್ಟು ಎಸೆದೆನೋ ದೇವರಿಗೇ ಗೊತ್ತು.

ಏಪ್ರಿಲ್ 1, ಮಂಗಳವಾರ

ಇಕ್ಕಳ ಬರುವುದನ್ನೇ ಕಾದು ಕಾರ್ಡುಗಳನ್ನು ಅವನ ಮುಂದೆ ಹರಡಿದೆ. ಕನ್ನಡಕ ಹಾಕಿಕೊಂಡ. ನನಗೆ ಸೊಟ್ಟ ಉಂಗುರವಾಗಿ ಕಂಡದ್ದನ್ನು ಅವನು ದಿನಪತ್ರಿಕೆ ಓದುವ ಹಾಗೆ ಓದಿದ.

"ಇದು ಬೇರಿಂಗು. ಉಂಗುರದೊಳಗೆ ಚುಕ್ಕಿ ಇದಾವಲ್ಲ, ಅವು ಗುಂಡು. ಇದು ಬೆಲ್ಟು, ಸಡಿಲ ಆಗಿದೆ, ನೋಡಿ ಹೊಟ್ಟೆ ಬಿಟ್ಟಿದೆ. ಇದು ಪಂಪು, ಒಳಗೆ ಏನೋ ಸಿಕ್ಕೊಂಡಿದೆ." ಒಂದೊಂದನ್ನೇ ಪಕ್ಕಕ್ಕಿಡುತ್ತಾ ಹೋದ. "ನಮಗೆ ಕಲಿಸೋವಾಗ ಯಜಮಾನ್ರು ಹೀಗೇ ಬರೀತಿದ್ರು. ಆಗ ಬಲಗೈ, ಅಷ್ಟೇ." ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ, ಅದು ಒದ್ದೆಯಾಗಿತ್ತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ನಿನ್ನನ್ನು ಬೈದೆನಪ್ಪ, ತಪ್ಪಾಯಿತು ಅಂದೆ. ಅವನು ಬೇರಿಂಗು, ಬೆಲ್ಟು ವ್ಯಾನಿಗೆ ತುಂಬಿಕೊಂಡು ಹೊರಟ.

ಏಪ್ರಿಲ್ 2, ಬುಧವಾರ

ಫೋನಿನವನಿಗೆ ಹೇಳಿ ಇವರ ನಂಬರನ್ನು ಮತ್ತೆ ಮೂರನೆಯ ಜಾಗಕ್ಕೆ ಹಾಕಿಸಿದೆ. "ಅವರು ಮಾತಾಡ್ತಾರಾ ಮೇಡಂ ಈಗ?" ಅಂತ ಕೇಳಿದ. "ಕೇಳ್ತಾರೆ," ಅಂದೆ.

ಒಡೆದ ಗಾಜಿನ ಮೇಲೆ ಟೇಪು ಅಂಟಿಸಿ ಮೊಬೈಲನ್ನು ಇವರ ಎಡಗೈ ಪಕ್ಕದಲ್ಲಿಟ್ಟೆ. ಈ ಸಲ ರಿಂಗನ್ನು ಜೋರಾಗಿ ಇಟ್ಟಿದ್ದೇನೆ. ಇಬ್ಬರು ಗಿರಾಕಿಗಳ ಕರೆ ಮೇಲೆ ಹೋಯಿತು. ತಲೆಯ ಮೇಲೆ ಅದು ಹೊಡೆದುಕೊಳ್ಳುವುದು ನನಗೆ ಕೇಳಿಸಿತು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಹೋಗಿ ನೋಡಿದರೆ ಅದನ್ನು ಮಗುಚಿ ಹಾಕಿ ಗೋಡೆಗೆ ತಿರುಗಿ ಮಲಗಿದ್ದಾರೆ.

ಇವರ ಬೆನ್ನಿಗೆ ಎಲ್ಲ ಹೇಳಿದೆ. ಗೊತ್ತಿರಲಿಲ್ಲ ರೀ, ನಿಮ್ಮ ಕೈಯಲ್ಲಿದ್ದದ್ದು ನನಗೆ ಕಾಣಲಿಲ್ಲ, ಆವತ್ತು ಊಟದ ಹೊತ್ತಿಗೆ ಅಂದ ಮಾತೂ ಬೇಕಂತ ಅಂದದ್ದಲ್ಲ. ಬೆನ್ನು ಅಲುಗಾಡಲಿಲ್ಲ. ಎಷ್ಟು ಅರ್ಥವಾಗುತ್ತದೋ, ಎಷ್ಟು ಬೇಡವಾಗಿದೆಯೋ.

ಏಪ್ರಿಲ್ 4, ಶುಕ್ರವಾರ

ಎತ್ತುವುದಿಲ್ಲ. ಇಡೀ ದಿನದಲ್ಲಿ ಆರು ಕರೆ ಮೇಲೆ ಹೋಗಿ ಸತ್ತವು. ಮೈದುನ ಮೆಲ್ಲಗೆ "ಅತ್ತಿಗೆ, ಗಿರಾಕಿಗಳು..." ಅಂದ. ಗೊತ್ತು ಅಂದೆ. ಸೋಮವಾರದವರೆಗೆ ಬಿಡು ಅಂದೆ.

ತಡವಾಯಿತು. ಕರೆದಾಗ ಹೋಗದವಳು ಈಗ ಕರೆಯಿರಿ ಅಂದರೆ ಯಾರು ಕರೆಯುತ್ತಾರೆ?

ಏಪ್ರಿಲ್ 5, ಶನಿವಾರ

ಸಂಜೆ ಇಕ್ಕಳ ಒಂದು ಬಕೆಟ್ಟು ಹಿಡಿದು ನನ್ನನ್ನೂ ಕೇಳದೆ ಮೇಲೆ ಹೋದ. ಒಗೆದ ಹಾಸುಬಟ್ಟೆಯ ಮೇಲೆ ಪೇಪರು ಹಾಸಿ, ಹನ್ನೊಂದು ಕಾರ್ಡನ್ನು ಸಾಲಾಗಿ ಇಟ್ಟ. ಒಂದೊಂದರ ಪಕ್ಕದಲ್ಲೂ ಆ ಮನೆಯಿಂದ ಬಿಚ್ಚಿ ತಂದ ಹಾಳಾದ ಸಾಮಾನು ಇಟ್ಟ. ಸವೆದ ಬೇರಿಂಗು, ಬಿರುಕು ಬಿಟ್ಟ ಬೆಲ್ಟು, ಪಂಪಿನಲ್ಲಿ ಸಿಕ್ಕ ಒಂದು ಕೂದಲ ಪಿನ್ನು.

"ಹನ್ನೊಂದಕ್ಕೆ ಹನ್ನೊಂದೂ ಸರಿ ಯಜಮಾನ್ರೆ," ಅಂದ. "ಆ ದರ್ಜಿ ಮನೇಗೂ ಹೋಗಿದ್ದೆ. ಬೇರೆ ಅಂಗಡಿಯೋರು ಎರಡು ಸಲ ಬಂದು ಹೋಗಿದ್ರಂತೆ, ಗೊತ್ತಾಗಿರ್ಲಿಲ್ಲ ಅವರಿಗೆ."

ಇವರು ಬಹಳ ಹೊತ್ತು ತಿರುಗಲಿಲ್ಲ. ಇಕ್ಕಳ ಒಂದು ಬೇರಿಂಗನ್ನು ಇವರ ಎಡ ಕಿವಿಯ ಹತ್ತಿರ ಹಿಡಿದು ಬೆರಳಲ್ಲಿ ತಿರುಗಿಸಿದ. ಕರಕರ ಅಂತು. ಇವರ ಕೈ ಬಂತು, ಅದನ್ನು ಕಿತ್ತುಕೊಂಡು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಈಗಲೂ ಹಿಡಿದೇ ಮಲಗಿದ್ದಾರೆ. ಹಾಸಿಗೆಗೆಲ್ಲ ಗ್ರೀಸು. ಅದಕ್ಕೆ ಏನು ಅರ್ಥವೋ ನಾನು ಹೇಳಲಾರೆ, ಎಂಟು ಚಮಚ ಗಂಜಿ ಕುಡಿದರು ಅನ್ನುವುದನ್ನು ಮಾತ್ರ ಹೇಳಬಲ್ಲೆ.

ಏಪ್ರಿಲ್ 7, ಸೋಮವಾರ

ಬೆಳಗ್ಗೆ ಇವರನ್ನು ಕುರ್ಚಿಗೆ ಕೂರಿಸಿ, ತೊಡೆಯ ಮೇಲೆ ಮೊಬೈಲು, ಪಕ್ಕದ ಸ್ಟೂಲಿನ ಮೇಲೆ ಕಾರ್ಡು, ಪೆನ್ಸಿಲು ಇಟ್ಟು ಬಂದೆ. ಪ್ರತಿಭಟನೆ ಇರಲಿಲ್ಲ. ಒಪ್ಪಿಗೆಯೂ ಇರಲಿಲ್ಲ.

ಹನ್ನೊಂದಕ್ಕೆ ಮೈದುನ ಮುಂದೆ ಯಾರ ಹತ್ತಿರವೋ ಮಾತಾಡುತ್ತಿದ್ದ. ನನ್ನ ಫೋನು ಹೊಡೆದುಕೊಂಡಿತು. ಹಾಸ್ಟೆಲಿನ ನಂಬರ್. ನಾನು ಬೇರೆ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ, ಕೈ ಖಾಲಿ ಇತ್ತು. ಮೂವತ್ತು ವರ್ಷ, ಲೈಬ್ರರಿಯಲ್ಲಿ ಫೋನು ರಿಂಗಾದರೆ ಎರಡನೇ ರಿಂಗಿಗೆ ಓಡಿ ಅದರ ಬಾಯಿ ಮುಚ್ಚಿಸಿದವಳು ನಾನು. ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಇಪ್ಪತ್ತು ಸೆಕೆಂಡು ಅಂದರೆ ಎಷ್ಟು ದೊಡ್ಡದು ಅಂತ ಇವತ್ತು ಗೊತ್ತಾಯಿತು. ನನ್ನ ಫೋನು ನಿಂತಿತು, ಮೇಲಿನದು ಶುರುವಾಯಿತು. ಹೊಡೆದುಕೊಂಡು ನಿಂತಿತು.

ವಾರ್ಡನ್ನಮ್ಮ ಬಿಡುವ ಹೆಂಗಸಲ್ಲ. ಮತ್ತೆ ಮಾಡಿದರು. ಮತ್ತೆ ನಾನು ಎತ್ತಲಿಲ್ಲ. ಮೈದುನ ಕಿವಿಗೆ ಫೋನು ಹಿಡಿದುಕೊಂಡೇ ಬಾಗಿಲಿಗೆ ಬಂದು, ನನ್ನನ್ನು ನೋಡಿ, ಅಲ್ಲೇ ನಿಂತ. ಅವನ ಬಾಯಿಗೂ ಬೀಗ ಬಿತ್ತು. ಮೇಲೆ ಮತ್ತೆ ರಿಂಗು, ಮತ್ತೆ ಮೌನ.

ಮೂರನೆಯ ಸಲ ಮೇಲಿನ ರಿಂಗು ನಡುವೆಯೇ ಕಡಿದು ಹೋಯಿತು. ಕುರ್ಚಿ ಕಿರ್ರೆಂದಿತು. ಆಮೇಲೆ ಏನೂ ಇಲ್ಲ. ನಾನು ತಲೆ ಮೇಲೆತ್ತಿ ಸೀಲಿಂಗನ್ನೇ ನೋಡುತ್ತಿದ್ದೆ. ಎಷ್ಟು ಹೊತ್ತೋ.

ಢಬ್ ಢಬ್.

ಹದಿನಾರು ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಇವರು ಬಾಗಿಲ ಕಡೆಗೇ ನೋಡುತ್ತಿದ್ದರು, ಎಡಗೈಯಲ್ಲಿ ಕಾರ್ಡು. ನನ್ನನ್ನು ಕಂಡ ಕೂಡಲೇ ಆ ಕೈ ಹಿಂದಕ್ಕೆ ಹೋಯಿತು, ಎಲ್ಲಿ ರಟ್ಟೆ ಹಿಡಿಯುತ್ತಾಳೋ ಅನ್ನುವ ಹಾಗೆ. ನಾನು ಅಲ್ಲೇ ನಿಂತು, ಅಂಗೈ ಮೇಲೆ ಮಾಡಿ ಚಾಚಿದೆ. ಲೈಬ್ರರಿಯಲ್ಲಿ ಮಕ್ಕಳು ಪುಸ್ತಕ ವಾಪಸು ಕೊಡುವಾಗ ಚಾಚುತ್ತಿದ್ದ ಹಾಗೆ.

ಬಹಳ ಹೊತ್ತು ನನ್ನ ಕೈಯನ್ನೇ ನೋಡಿದರು. ಆಮೇಲೆ ಕಾರ್ಡು ಇಟ್ಟರು.

ಸೊಟ್ಟ ಉಂಗುರ, ಒಂದು ಗೆರೆ, ನಾಲ್ಕು ಅಂಕಿ. "ಬೇರಿಂಗಾ?" ಅಂತ ಕೇಳಿದೆ. ಇವರು ತಲೆ ಅಲ್ಲಾಡಿಸಲೂ ಇಲ್ಲ, ನನ್ನನ್ನು ಹಳೇ ಕಾಲದ ಹಾಗೆ, ಇಷ್ಟೂ ಗೊತ್ತಾಗುವುದಿಲ್ಲವೇ ಅಂತ ನೋಡಿದರು. ಎಡಗೈ ಮುಂದೆ ಬಂತು. ನನ್ನ ಅಂಗೈಯಲ್ಲಿ ತಲೆಕೆಳಗಾಗಿದ್ದ ಕಾರ್ಡನ್ನು ತಿರುಗಿಸಿ ಸರಿಯಾಗಿ ಇಟ್ಟರು.